ಸುರಂಜನ್ ದಾಸ್ ಹಾಡು ಬರೆದ ದಾಸರಲ್ಲ: ರಸ್ತೆಗೆ ಹಲಗೆ ಹಾಕಿಸುವವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ರಸ್ತೆಗಳಿಗೆ ಹೆಸರಿನ ಹಲಗೆ ಹಾಕಿಸುವ ಮಾನ್ಯ ಅಧಿಕಾರಿಗಳಿಗೆ,
ಮತ್ತು ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಓಡಾಡುವ ಎಲ್ಲರಿಗೂ,

ಮಾನ್ಯರೇ, ನಮಸ್ಕಾರ.

ಹೋದ ತಿಂಗಳು ಒಂದು ಸಂಜೆ ಹಳೇ ಮದ್ರಾಸ್ ರಸ್ತೆಯಲ್ಲಿ ಆಟೋ ಹತ್ತಿ ‘ಸುರಂಜನ್ ದಾಸ್ ರೋಡ್ ಮೇಲೆ ಹೋಗಪ್ಪ’ ಅಂದೆ. ಮೀಟರ್ ಹಾಕಲ್ಲ ಅಂದಿದ್ದ ಹುಡುಗ ನನ್ನ ಬಿಳಿಕೂದಲು ನೋಡಿ ಹಾಕಿದ. ಸಿಗ್ನಲ್‌ನಲ್ಲಿ ಗಾಡಿ ನಿಂತಾಗ ಸುಮ್ನೆ ಕೇಳಿದೆ. ‘ಈ ಸುರಂಜನ್ ದಾಸ್ ಯಾರು, ಗೊತ್ತೇನಪ್ಪ?’

‘ದಾಸರು ಅಲ್ವಾ ಮೇಡಂ’ ಅಂದ. ‘ಪುರಂದರ ದಾಸರು, ಕನಕ ದಾಸರು ಇದ್ದಂಗೆ. ಇವರ ಹಾಡು ಮಾತ್ರ ಯಾವುದೂ ಕೇಳಿಲ್ಲ.’

ಮೊದಲು ನಗು ಬಂತು. ಆಮೇಲೆ ಮನಸ್ಸಿಗೆ ಪಿಚ್ಚೆನಿಸಿತು. ಅವನ ತಪ್ಪೇನಿದೆ ಹೇಳಿ? ಕನ್ನಡದವರಿಗೆ ದಾಸ ಅಂದ ಕೂಡಲೇ ತಂಬೂರಿ, ಚಿಟಿಕೆ, ಕಾಲ್ಗೆಜ್ಜೆ ಕಣ್ಣಿಗೆ ಕಟ್ಟುತ್ತವೆ. ಹಲಗೆಯ ಮೇಲೆ ಬೇರೆ ಏನಾದರೂ ಬರೆದಿದ್ದರೆ ತಾನೇ ಅವನಿಗೆ ಗೊತ್ತಾಗುವುದು?

ಮನೆ ಹತ್ತಿರ ಇಳಿಯುವ ಹೊತ್ತಿಗೆ ನನಗೆ ಗೊತ್ತಿದ್ದಷ್ಟನ್ನು ಅವನಿಗೆ ಹೇಳಿದೆ. ಭಾರತದಲ್ಲೇ ರೂಪಿಸಿ, ಇದೇ ಬೆಂಗಳೂರಿನಲ್ಲಿ ಕಟ್ಟಿದ ಮೊದಲ ಜೆಟ್ ಫೈಟರ್ ವಿಮಾನವನ್ನು ಮೊದಲ ಸಲ ಮೇಲಕ್ಕೆತ್ತಿದ ಟೆಸ್ಟ್ ಪೈಲಟ್ ಅವರು. ಅದೇ ವಿಮಾನದ ಇನ್ನೊಂದು ಮಾದರಿಯನ್ನು ಪರೀಕ್ಷೆ ಮಾಡುವಾಗ, ಇದೇ ಬೆಂಗಳೂರಿನಲ್ಲಿ ಜೀವ ಬಿಟ್ಟರು. ಹುಡುಗ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ. ‘ಹಂಗಾದ್ರೆ ಬೋರ್ಡಲ್ಲಿ ಯಾಕೆ ಬರೆದಿಲ್ಲ ಮೇಡಂ?’ ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಈ ಪತ್ರ.

ಮಾರನೇ ದಿನ ಒಂದು ನೋಟ್‌ಬುಕ್ ಹಿಡಿದು ರಸ್ತೆಯ ಈ ತುದಿಯಿಂದ ಆ ತುದಿಗೆ ನಡೆದೆ. 34 ವರ್ಷ ಕನ್ನಡ ಪಾಠ ಹೇಳಿದವಳು ನಾನು, ಕೆಂಪು ಪೆನ್ನಿನ ಚಟ ಇನ್ನೂ ಹೋಗಿಲ್ಲ. ಒಂದು ಕಡೆ ‘ಸುರಂಜನದಾಸ ರಸ್ತೆ’ ಅಂತಿದೆ. ಇನ್ನೊಂದು ಕಡೆ ‘ಸುರಂಜನ್‌ದಾಸ್ ರೋಡ್’. ಅಂಗಡಿಯೊಂದರ ಫಲಕದಲ್ಲಿ ‘ಸುರೇಂಜನ್ ದಾಸ್’. ಮತ್ತೊಂದು ಹಲಗೆಯಲ್ಲಿ ಏನಿದೆ ಅಂತ ಓದಲು ಆಗಲೇ ಇಲ್ಲ. ಯಾರದೋ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸು ಅದರ ಮುಂದೆ ನಿಂತಿತ್ತು. ಎಲ್ಲೂ, ಯಾವ ಹಲಗೆಯ ಮೇಲೂ, ಅವರು ಯಾರು ಅನ್ನುವ ಅರ್ಧ ಸಾಲು ಕಾಣಲಿಲ್ಲ.

ಒಂದು ಕಚೇರಿಗೆ ಅರ್ಜಿ ಕೊಟ್ಟೆ. ಕಚೇರಿಯ ಹೆಸರು ಬರೆಯುವುದಿಲ್ಲ, ಅಲ್ಲಿನವರು ಮರ್ಯಾದೆಯಿಂದಲೇ ಮಾತಾಡಿಸಿದರು, ಕುರ್ಚಿ ಕೊಟ್ಟರು. ಸೀಲು ಹೊಡೆದು ಪ್ರತಿಯನ್ನೂ ಕೊಟ್ಟರು. ಎರಡನೇ ಸಲ ಹೋದಾಗ ಅರ್ಜಿ ‘ಮೇಲಕ್ಕೆ’ ಹೋಗಿತ್ತು. ಮೂರನೇ ಸಲ ಹೋದಾಗ ‘ಕೆಳಕ್ಕೆ’ ಬಂದಿತ್ತು. ಅಲ್ಲಿದ್ದವರೊಬ್ಬರು ನನ್ನನ್ನು ಮೂರು ಪ್ರಶ್ನೆ ಕೇಳಿದರು. ‘ನಗರದಲ್ಲಿ ಸಾವಿರಾರು ರಸ್ತೆ ಇದಾವಮ್ಮ, ಒಂದೊಂದರ ಕೆಳಗೂ ಚರಿತ್ರೆ ಬರೀತಾ ಕೂತರೆ ಆಗುತ್ತಾ?’ ಅನ್ನುವುದು ಮೊದಲನೆಯದು. ‘ಅವರೇನು ಕನ್ನಡದವರಾ?’ ಎರಡನೆಯದು. ಮೂರನೆಯದನ್ನು ಕೇಳುವ ಮುಂಚೆ ಅವರು ಫೋನಿನಲ್ಲಿ ಏನೋ ನೋಡಿಕೊಂಡರು. ‘ಆ ವಿಮಾನ ಫೇಲಾಯ್ತು ಅಂತ ಇದೆಯಲ್ಲಮ್ಮ?’

ಅವತ್ತು ನಿಂತಲ್ಲೇ ಉತ್ತರ ಹೇಳಲು ಬಾಯಿ ಬರಲಿಲ್ಲ. ಈಗ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆ ಇರಲಿ.

ನನ್ನ ಅಪ್ಪ ಬಡಗಿ. ಹೊಸಕೋಟೆ ಕಡೆಯ ಹಳ್ಳಿಯಿಂದ ಬಂದು ವಿಮಾನ ಕಟ್ಟುವ ಎಚ್‌ಎಎಲ್ ಸೇರಿದವರು. ಮನೆಯಲ್ಲಿ ನಾವು ಅದನ್ನು ‘ಫ್ಯಾಕ್ಟರಿ’ ಅಂತಲೇ ಅನ್ನುತ್ತಿದ್ದೆವು, ಊರಲ್ಲಿ ಬೇರೆ ಫ್ಯಾಕ್ಟರಿಯೇ ಇಲ್ಲವೇನೋ ಅನ್ನುವ ಹಾಗೆ. ಲೋಹದ ವಿಮಾನ ಕಟ್ಟುವ ಕಡೆ ಬಡಗಿಗೆ ಏನು ಕೆಲಸ ಅಂತ ನನ್ನ ಮೊಮ್ಮಗ ಕೇಳುತ್ತಾನೆ. ಇತ್ತು, ಬಹಳ ದೊಡ್ಡ ಕೆಲಸವೇ ಇತ್ತು.

1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅನ್ನುವ ವಿನ್ಯಾಸಕಾರರು ಬೆಂಗಳೂರಿಗೆ ಬಂದರು. ಎರಡನೇ ಮಹಾಯುದ್ಧದ ಹೆಸರಾಂತ ಫೋಕೆ-ವುಲ್ಫ್ 190 ವಿಮಾನ ರೂಪಿಸಿದವರು ಅವರೇ. ಅವರ ಜೊತೆ ನಮ್ಮ ಎಂಜಿನಿಯರುಗಳು ಕೂತು ಎಚ್‌ಎಫ್-24, ಅಂದರೆ ಹಿಂದೂಸ್ತಾನ್ ಫೈಟರ್ 24, ಅನ್ನುವ ವಿಮಾನದ ನಕ್ಷೆ ಹಾಕಿದರು. ಆಮೇಲೆ ಅದಕ್ಕೆ ಮಾರುತ್ ಅಂತ ಹೆಸರಾಯಿತು. ಲೋಹದಲ್ಲಿ ಕಟ್ಟುವ ಮುಂಚೆ ಅಷ್ಟೇ ಅಳತೆಯದನ್ನು ಮರದಲ್ಲಿ ಕಟ್ಟಿದರು. ಇಂಜಿನ್ ಇಲ್ಲದ, ಇಬ್ಬರು ಕೂರುವ ಗ್ಲೈಡರ್. ಎಕ್ಸ್-241 ಅಂತ ಅದರ ಹೆಸರು. 1959ರಲ್ಲಿ ಅದನ್ನು ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದು ಮೇಲಕ್ಕೆ ಒಯ್ದು ಬಿಡುತ್ತಿದ್ದರು. ಬಿಟ್ಟ ಮೇಲೆ ಅದು ಗಾಳಿಯಲ್ಲಿ ತೇಲಿಕೊಂಡು ಕೆಳಗಿಳಿಯಬೇಕು. ರೆಕ್ಕೆ ಹೇಳಿದ ಮಾತು ಕೇಳುತ್ತದಾ, ನಿಧಾನವಾದಾಗ ಹೇಗೆ ನಡೆದುಕೊಳ್ಳುತ್ತದೆ ಅಂತ ಹೀಗೆ ಕಂಡುಕೊಂಡರು. 78 ಸಲ ಹಾರಿತು. ಕೊನೆಗೊಮ್ಮೆ ಇಳಿಯುವಾಗ ಮೂತಿಯ ಚಕ್ರ ಹೊರಗೆ ಬರದೆ ಜೋರು ಪೆಟ್ಟು ತಿಂದಿತು.

ಅಪ್ಪ ಉಪ್ಪುಕಾಗದ ಹಾಕಿ ಉಜ್ಜಿದ್ದು ಅದರ ರೆಕ್ಕೆಗಳನ್ನು. ಅಂಗೈಯಗಲದ ಒಂದು ಪ್ಲೈವುಡ್ ಚೂರು ನಮ್ಮ ಮನೆಯ ಗೂಡಿನಲ್ಲಿ ಇವತ್ತಿಗೂ ಇದೆ. ಒಂದು ಅಂಚು ಕನ್ನಡಿಯಷ್ಟು ನುಣುಪು. ಇನ್ನೊಂದು ಅಂಚಿನಲ್ಲಿ ಅಪ್ಪನ ಪೆನ್ಸಿಲ್ ಗೆರೆ, ಅದರ ಪಕ್ಕ ಒಂದು ಸಣ್ಣ ಬಾಣದ ಗುರುತು. ಮೂಸಿದರೆ ಅಂಟಿನ ವಾಸನೆ ಈಗ ಇಲ್ಲ. ಮೊದಲು ಇತ್ತು. ‘ಕೈಗೆ ತಗಲದ ಉಬ್ಬು ಗಾಳಿಗೆ ತಗಲುತ್ತೆ’ ಅನ್ನುತ್ತಿದ್ದರು ಅಪ್ಪ. ಕಣ್ಣು ಮುಚ್ಚಿಕೊಂಡು ಅಂಗೈ ಆಡಿಸಿ ನೋಡುತ್ತಿದ್ದರಂತೆ.

ಆಮೇಲೆ ಲೋಹದ ವಿಮಾನ ಸಿದ್ಧವಾಯಿತು. 1961ರ ಜೂನ್ 17. ಶನಿವಾರ. ಆಗ ವಿಂಗ್ ಕಮಾಂಡರ್ ಆಗಿದ್ದ ಸುರಂಜನ್ ದಾಸ್ ಅದನ್ನು ಬೆಂಗಳೂರಿನ ನೆಲದಿಂದ ಮೇಲಕ್ಕೆತ್ತಿದರು. ನನಗಾಗ ಇನ್ನೂ ಮೂರು ತುಂಬಿರಲಿಲ್ಲ, ಕಣ್ಣಾರೆ ಕಂಡ ನೆನಪಿಲ್ಲ. ಅಪ್ಪ ಮಾತ್ರ ಹೇಳಿ ಹೇಳಿ ನನಗೆ ಕಂಡಷ್ಟೇ ಆಗಿದೆ. ಶನಿವಾರ ಆಂಜನೇಯನ ವಾರ, ವಿಮಾನದ ಹೆಸರು ಮಾರುತ, ಆಂಜನೇಯ ಮಾರುತನ ಮಗ. ‘ಅಪ್ಪನೂ ಮಗನೂ ಒಂದೇ ದಿನ ಮೇಲೆ ಹೋದರು’ ಅಂತ ಅಪ್ಪ ತಮಾಷೆ ಮಾಡುತ್ತಿದ್ದರು. ಅಮ್ಮನಿಗೆ ಅದು ತಮಾಷೆ ಅನಿಸುತ್ತಿರಲಿಲ್ಲ. ಆವತ್ತು ಬೆಳಗ್ಗೆ ಗುಡಿಯಲ್ಲಿ ವೀಳ್ಯದೆಲೆ ಹಾರ ಹಾಕಿಸಿದ್ದು ತಾನು ಅನ್ನುವುದು ಅವಳ ವಾದ.

ಅಪ್ಪ ಅವರನ್ನು ‘ದಾಸ್ ಸಾಹೇಬರು’ ಅನ್ನುತ್ತಿದ್ದರು. ಮಾತಾಡಿಸಿದ್ದೇನೂ ಇಲ್ಲ. ಒಬ್ಬ ಬಡಗಿಗೂ ಟೆಸ್ಟ್ ಪೈಲಟ್‌ಗೂ ಮಾತಿನ ಸಂದರ್ಭ ಎಲ್ಲಿಂದ ಬರಬೇಕು? ದೂರದಿಂದ ನೋಡಿದ್ದರು, ಅಷ್ಟೆ.

ಟೆಸ್ಟ್ ಪೈಲಟ್ ಅಂದರೆ ಧೈರ್ಯಶಾಲಿ, ಸಾಹಸಿ ಅಂತ ನಾವು ಅಂದುಕೊಂಡುಬಿಡುತ್ತೇವೆ. ಫ್ಯಾಕ್ಟರಿಯ ಜನ ಹಾಗೆ ಹೇಳುತ್ತಿರಲಿಲ್ಲ. ಅವರ ಮಾತಿನಲ್ಲಿ ಟೆಸ್ಟ್ ಪೈಲಟ್ ಅಂದರೆ ‘ಸ್ನ್ಯಾಗ್ ಬರೆಯುವವರು’. ಹಾರಿ ಇಳಿದ ಮೇಲೆ ವಿಮಾನದಲ್ಲಿ ಏನೇನು ಸರಿಯಿಲ್ಲ ಅಂತ ಬರೆದುಕೊಡುವುದಕ್ಕೆ ಸ್ನ್ಯಾಗ್ ಅಂತಾರೆ. ಎಂಜಿನಿಯರು ಕಾಗದದ ಮೇಲೆ ಲೆಕ್ಕ ಹಾಕಿರುತ್ತಾರೆ, ಇಷ್ಟು ವೇಗಕ್ಕೆ ಹೀಗೆ ಆಗುತ್ತದೆ ಅಂತ. ಅದು ನಿಜವೋ ಸುಳ್ಳೋ ಅಂತ ಒಬ್ಬ ಮನುಷ್ಯ ಒಳಗೆ ಕೂತು ನೋಡಬೇಕು. ಒಂದೇ ಸಲಕ್ಕೆ ಅಲ್ಲ. ಇವತ್ತು ಇಷ್ಟು ವೇಗ, ಇಳಿದು ಬರೆದು, ನಾಳೆ ಇನ್ನೊಂದು ಚೂರು ಜಾಸ್ತಿ. ತೊಡೆಗೆ ಕಟ್ಟಿಕೊಂಡ ಕಾಗದದ ಮೇಲೆ ಹಾರುತ್ತಲೇ ಅಂಕಿ ಗೀಚಿಕೊಳ್ಳಬೇಕು. ಕೈ ನಡುಗಿದರೂ ಅಂಕಿ ನಡುಗಬಾರದು. ಹೊಸ ಸೇತುವೆಯ ಮೇಲೆ ಮೊದಲ ಎತ್ತಿನಗಾಡಿ ಹೊಡೆಯುವವನ ಕೆಲಸ ಅದು, ಆದರೆ ದಿನಾ ಹೊಸ ಸೇತುವೆ.

ಈ ಕೆಲಸವನ್ನು ಸುರಂಜನ್ ದಾಸ್ ಇಂಗ್ಲೆಂಡಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲಿನಲ್ಲಿ ಕಲಿತು ಬಂದಿದ್ದರು. ಆಗ ನಮ್ಮಲ್ಲಿ ಅಂಥ ಶಾಲೆ ಇರಲಿಲ್ಲ. ವಾಯುಪಡೆಯ ಟೆಸ್ಟ್ ಪೈಲಟ್ ಶಾಲೆ ಬೆಂಗಳೂರಿನಲ್ಲಿ ಶುರುವಾಗಿದ್ದು 1973ರಲ್ಲಿ, ಅವರು ಹೋಗಿ ಮೂರು ವರ್ಷ ಆದ ಮೇಲೆ.

ಮಾರುತ್ ಒಂದೇ ಅಲ್ಲ. 1964ರ ಸೆಪ್ಟೆಂಬರ್ 4ರಂದು ಕಿರಣ್ ಅನ್ನುವ ತರಬೇತಿ ವಿಮಾನವನ್ನು ಮೊದಲ ಸಲ ಹಾರಿಸಿದವರೂ ಅವರೇ. ಕಿರಣ್ ಅಂದರೆ ಯಾವುದು ಅಂತ ಕೇಳಬೇಡಿ, ನಿಮಗೆ ಗೊತ್ತು. ಯಲಹಂಕದ ಏರ್ ಶೋದಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸೂರ್ಯಕಿರಣ್ ತಂಡ ನೋಡಿದ್ದೀರಲ್ಲ? ಬೀದರ್‌ನ ಆ ತಂಡ ಮೊದಲ ಹದಿನೈದು ವರ್ಷ ಹಾರಿಸಿದ್ದು ಇದೇ ಕಿರಣ್ ವಿಮಾನಗಳ ಇನ್ನೊಂದು ಮಾದರಿಯನ್ನು. ವಾಯುಪಡೆಯ ಎಷ್ಟೋ ತಲೆಮಾರಿನ ಹುಡುಗರು ಜೆಟ್ ಹಾರಿಸಲು ಕಲಿತಿದ್ದು ಅದರಲ್ಲಿ.

ಈಗ ಆ ‘ಫೇಲಾಯ್ತು’ ಅನ್ನುವ ಮಾತಿಗೆ ಬರುತ್ತೇನೆ. ಅದು ಪೂರ್ತಿ ಸುಳ್ಳಲ್ಲ, ಅದಕ್ಕೇ ಹೆಚ್ಚು ಚುಚ್ಚುತ್ತದೆ. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬೇಕು ಅಂತ ಹೊರಟ ವಿಮಾನ ಮಾರುತ್. ಮುಟ್ಟಿದ್ದು ಹೆಚ್ಚುಕಮ್ಮಿ ಶಬ್ದದ ವೇಗವನ್ನಷ್ಟೆ. ಕಾರಣ ಇಂಜಿನ್. ಯಾವ ಇಂಜಿನ್ ನೆಚ್ಚಿಕೊಂಡು ನಕ್ಷೆ ಹಾಕಿದ್ದರೋ ಆ ಓರ್ಫಿಯಸ್ 12 ಅನ್ನು ಬ್ರಿಟನ್ ಅರ್ಧಕ್ಕೇ ಕೈಬಿಟ್ಟಿತು. ಅದನ್ನು ಮುಂದುವರಿಸುವ ಖರ್ಚು ಹೊರಲು ನಮ್ಮ ಸರ್ಕಾರವೂ ಮುಂದೆ ಬರಲಿಲ್ಲ. ಕೊನೆಗೆ ಅದಕ್ಕಿಂತ ಸಣ್ಣ ಓರ್ಫಿಯಸ್ 703 ಇಂಜಿನ್ ಎರಡು ಹಾಕಿದರು. ಒಂದೊಂದರ ತಳ್ಳುಬಲ ಸುಮಾರು 2,200 ಕಿಲೋ. ನಾಲ್ಕು ಎತ್ತಿಗೆ ಅಂತ ಮಾಡಿದ ಬಂಡಿಗೆ ಎರಡು ಎತ್ತು ಕಟ್ಟಿದ ಹಾಗೆ. ಬಂಡಿಯೇನೋ ಚೆನ್ನಾಗಿತ್ತು.

ಬೇರೆ ಇಂಜಿನ್ ಹುಡುಕಿಕೊಂಡು ಈಜಿಪ್ಟಿನವರೆಗೂ ಹೋದರು. ಅಲ್ಲಿನ ಹೆಲ್ವಾನ್‌ನಲ್ಲಿ ಕಟ್ಟುತ್ತಿದ್ದ ಎಚ್‌ಎ-300 ಫೈಟರ್ ವಿಮಾನವನ್ನು 1964ರಲ್ಲಿ ಮೊದಲ ಸಲ ಹಾರಿಸಿದವರು ನಮ್ಮ ವಾಯುಪಡೆಯ ಕಪಿಲ್ ಭಾರ್ಗವ. ಈಜಿಪ್ಟಿನವರ ಇಂಜಿನ್ ಒಂದನ್ನು ಮಾರುತ್‌ಗೆ ಕಟ್ಟಿಯೂ ನೋಡಿದರು. ಅದೂ ಕೈಗೂಡಲಿಲ್ಲ.

ಉಳಿದ ದಾರಿ ರೀಹೀಟ್. ಇಂಜಿನ್‌ನ ಹಿಂದಿನ ಕೊಳವೆಯಲ್ಲಿ ಹೊರಗೆ ಹೋಗುವ ಬಿಸಿ ಗಾಳಿಗೆ ಇನ್ನೊಂದಿಷ್ಟು ಎಣ್ಣೆ ಚಿಮುಕಿಸಿ ಮತ್ತೆ ಬೆಂಕಿ ಹಚ್ಚುವುದು. ಸೌದೆ ಒಲೆ ಮಂಕಾದಾಗ ಅಮ್ಮ ಸೀಮೆಎಣ್ಣೆ ಚಿಮುಕಿಸುತ್ತಿದ್ದಳಲ್ಲ, ಭಗ್ಗನೆ ಏಳುತ್ತಿತ್ತಲ್ಲ, ಹಾಗೆ. ಆ ರೀಹೀಟ್ ತಯಾರಿಸುವ ಕೆಲಸ ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯದು. ಅದನ್ನು ಹಾಕಿದ ಮಾದರಿಗೆ ಮಾರುತ್ ಮಾರ್ಕ್ 1ಆರ್ ಅಂತ ಹೆಸರು.

1970ರ ಜನವರಿ 10. ಮತ್ತೆ ಶನಿವಾರ. ಅಷ್ಟರಲ್ಲಿ ಗ್ರೂಪ್ ಕ್ಯಾಪ್ಟನ್ ಆಗಿದ್ದ ಸುರಂಜನ್ ದಾಸ್ ಆ ಮಾರ್ಕ್ 1ಆರ್ ಹತ್ತಿ ಎಚ್‌ಎಎಲ್ ರನ್‌ವೇಯಿಂದ ಮೇಲೆದ್ದರು. ಏಳುತ್ತಿದ್ದಂತೆಯೇ ವಿಮಾನ ಬಿತ್ತು. ಅವರು ಉಳಿಯಲಿಲ್ಲ.

ಇದು ನನಗೆ ನೆನಪಿದೆ. ನನಗಾಗ 11 ವರ್ಷ, ಶನಿವಾರ ಅರ್ಧ ದಿನದ ಸ್ಕೂಲು. ಸಂಜೆ ಅಪ್ಪ ಸೈಕಲ್ ತಳ್ಳಿಕೊಂಡು ಬಂದರು, ಹತ್ತಿಕೊಂಡಲ್ಲ. ಟಿಫನ್ ಕ್ಯಾರಿಯರ್ ತೊಳೆಯಲು ಅಮ್ಮ ಬಿಚ್ಚಿದರೆ ಅನ್ನ ಹಾಗೇ ಇತ್ತು, ಹುಳಿಯ ಮೇಲೆ ಎಣ್ಣೆ ಹೆಪ್ಪುಗಟ್ಟಿತ್ತು. ‘ದಾಸ್ ಸಾಹೇಬರು ಹೋಗಿಬಿಟ್ಟರು’ ಅಂದರು, ಅಷ್ಟೆ. ಗೂಡಿನಿಂದ ಆ ಪ್ಲೈವುಡ್ ಚೂರು ತೆಗೆದು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಅಕ್ಕಪಕ್ಕದ ಮನೆಗಳಲ್ಲೂ ರೇಡಿಯೋ ಹಾಕಿರಲಿಲ್ಲ. ನಮ್ಮ ಸಾಲಿನಲ್ಲಿ ತಮಿಳಿನವರಿದ್ದರು, ತೆಲುಗಿನವರು, ಮಲಯಾಳಿಗಳು, ಕೋಲಾರದ ಕಡೆಯವರು. ಯಾರೂ ಅವರ ನೆಂಟರಲ್ಲ.

ಆ ವರ್ಷವೇ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಕೊಟ್ಟರು. ಭಾರತರತ್ನದ ಕೆಳಗಿನ ಮೆಟ್ಟಿಲು ಅದು. ದೇಶ ಅಷ್ಟು ದೊಡ್ಡ ಗೌರವ ಕೊಟ್ಟವರ ಹೆಸರಿನ ಕಾಗುಣಿತ ನಮಗೆ ಸರಿಯಾಗಿ ಬರೆಯಲು ಆಗುತ್ತಿಲ್ಲ.

ಮಾನ್ಯರೇ, ‘ಫೇಲಾದ’ ಆ ವಿಮಾನದ ಕಥೆ ಅಲ್ಲಿಗೆ ಮುಗಿಯಲಿಲ್ಲ. 147 ಮಾರುತ್‌ಗಳನ್ನು ಇಲ್ಲಿ ಕಟ್ಟಿದರು. ಸುರಂಜನ್ ದಾಸ್ ಹೋಗಿ ಎರಡು ವರ್ಷ ತುಂಬುವ ಮೊದಲೇ, 1971ರ ಡಿಸೆಂಬರ್‌ನಲ್ಲಿ, ಅವು ರಾಜಸ್ಥಾನದ ಗಡಿಯಲ್ಲಿ ಯುದ್ಧಕ್ಕೆ ಹೋದವು. ಪೆಟ್ಟು ಬಿದ್ದು ಒಂದು ಇಂಜಿನ್ ನಿಂತರೂ ಇನ್ನೊಂದರ ಮೇಲೆ ಪೈಲಟ್‌ನನ್ನು ಮನೆಗೆ ಕರೆತಂದ ಮಾರುತ್‌ಗಳಿವೆ. ಆ ವಿಮಾನ ಹಾರಿಸಿದ ಮೂವರಿಗೆ ವೀರಚಕ್ರ ಬಂತು. 1990ರ ಹೊತ್ತಿಗೆ ಸೇವೆಯಿಂದ ನಿವೃತ್ತವಾಯಿತು. ಒಂದು ಮಾರುತ್ ಜರ್ಮನಿಯ ವಸ್ತುಸಂಗ್ರಹಾಲಯದಲ್ಲಿದೆ. ಒಂದು ನಮ್ಮ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿದೆ. ಯುದ್ಧದಲ್ಲಿ ಅದು ಎಷ್ಟು ವೇಗದಲ್ಲಿ ತಿರುಗಬಹುದು, ಎಷ್ಟು ನಿಧಾನವಾದರೆ ಬೀಳುತ್ತದೆ ಅಂತ ಆ ಹುಡುಗರಿಗೆ ಮೊದಲೇ ಗೊತ್ತಿತ್ತಲ್ಲ, ಅದು ಯಾರೋ ಮುಂಚೆ ಹಾರಿ ಬರೆದಿಟ್ಟಿದ್ದರಿಂದ.

‘ಕನ್ನಡದವರಾ?’ ಅನ್ನುವ ಪ್ರಶ್ನೆಗೆ ಉತ್ತರ ಸಣ್ಣದು. ಅಲ್ಲ, ಬಂಗಾಳಿ. ಅವರ ತಂದೆ ಸುಧಿ ರಂಜನ್ ದಾಸ್ ಭಾರತದ ಐದನೇ ಮುಖ್ಯ ನ್ಯಾಯಮೂರ್ತಿ. ಅಂಥ ಮನೆಯ ಮಗ ಬೇರೆ ಎಷ್ಟು ಸುಖದ ಕೆಲಸ ಬೇಕಾದರೂ ಹಿಡಿಯಬಹುದಿತ್ತು, ಅಲ್ವಾ? ಅವರು ಹಿಡಿದದ್ದು ನಮ್ಮ ಊರಿನ ಬಡಗಿ, ಫಿಟ್ಟರು, ರಿವೆಟ್ ಹೊಡೆಯುವವರು ಕಟ್ಟಿದ ವಿಮಾನವನ್ನು ನಂಬಿ ಕೂರುವ ಕೆಲಸ. ಅವರಿಗೆ ಕನ್ನಡ ಎಷ್ಟು ಬರುತ್ತಿತ್ತು ಅನ್ನುವ ಲೆಕ್ಕ ಹಾಕುವುದು ನನಗೆ ನಾಚಿಕೆಯ ವಿಷಯ. ನಮ್ಮಪ್ಪನ ಕೈಕೆಲಸದ ಮೇಲೆ ಅವರಿಗೆ ಇದ್ದ ನಂಬಿಕೆ ಸಾಲದೇ?

ಇನ್ನು ಆ ಸಾವಿರಾರು ರಸ್ತೆಗಳ ಮಾತು. ಎಲ್ಲಾ ರಸ್ತೆಗೂ ಬರೆಯಿರಿ ಅಂತ ನಾನು ಕೇಳುತ್ತಿಲ್ಲ. ಬರೆದರೆ ಸಂತೋಷವೇ, ಅದು ಬೇರೆ. ಆದರೆ ಈ ರಸ್ತೆಯ ವಿಷಯ ಒಂದು ತೂಕ ಜಾಸ್ತಿ. ಆ ರೀಹೀಟ್ ತಯಾರಿಸಿದ ಸಂಶೋಧನಾ ಸಂಸ್ಥೆ ಇವತ್ತಿಗೂ ಇರುವುದು ಎಲ್ಲಿ ಗೊತ್ತಾ? ಸುರಂಜನ್ ದಾಸ್ ರಸ್ತೆಯಲ್ಲಿ. ಯಾವ ಇಂಜಿನ್ ಪರೀಕ್ಷಿಸುತ್ತಾ ಅವರು ಜೀವ ಬಿಟ್ಟರೋ, ಆ ಇಂಜಿನ್ ಮೇಲೆ ದುಡಿದ ಜಾಗದ ವಿಳಾಸದಲ್ಲಿ ಅವರ ಹೆಸರಿದೆ. ಅಲ್ಲಿಗೆ ಬರುವ ಪ್ರತಿ ಕಾಗದದ ಮೇಲೆ ಅವರ ಹೆಸರಿರುತ್ತದೆ. ಇಂಥ ರಸ್ತೆ ಈ ದೇಶದಲ್ಲಿ ಇನ್ನೆಷ್ಟಿದ್ದಾವು? ಅದರ ಒಂದು ತುದಿಯಲ್ಲಿ ನಿಂತರೆ ಎಚ್‌ಎಎಲ್ ವಿಮಾನ ನಿಲ್ದಾಣದ ಸದ್ದು ಕೇಳುತ್ತದೆ. 2008ರಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದವು, ಪರೀಕ್ಷೆಯ ವಿಮಾನಗಳು ಹೋಗಲಿಲ್ಲ. 2001ರ ಜನವರಿ 4ರಂದು ತೇಜಸ್ ಫೈಟರ್ ವಿಮಾನದ ಮೊದಲ ಮಾದರಿ ಎದ್ದದ್ದೂ ಅಲ್ಲಿಂದಲೇ.

ಆ ಕೆಲಸ ಇನ್ನೂ ಜೀವ ಕೇಳುತ್ತಲೇ ಇದೆ. 2009ರ ಮಾರ್ಚ್‌ನಲ್ಲಿ ಬಿಡದಿ ಹತ್ತಿರ ಸಾರಸ್ ವಿಮಾನದ ಪರೀಕ್ಷೆಯಲ್ಲಿ ಮೂವರು ಹೋದರು. 2019ರ ಫೆಬ್ರುವರಿ 1ರಂದು ಇದೇ ಎಚ್‌ಎಎಲ್ ರನ್‌ವೇ ಅಂಚಿನಲ್ಲಿ ಮಿರಾಜ್ ಫೈಟರ್ ವಿಮಾನ ಬಿದ್ದು ಇಬ್ಬರು ಟೆಸ್ಟ್ ಪೈಲಟ್‌ಗಳು ಹೋದರು. ಆ ಬೆಳಗ್ಗೆ ಹೊಗೆ ನಮ್ಮ ತಾರಸಿಯಿಂದ ಕಂಡಿತು. ಅಪ್ಪ ಆಗ ಇರಲಿಲ್ಲ. ಅವರ ಸೈಕಲ್ ಸದ್ದು ಕೇಳಿದ ಹಾಗಾಯಿತು ನನಗೆ.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿಮೆ ಬೇಡ. ಪ್ರತಿಮೆ ಮಾಡಿಸಿದರೆ ಅದರ ಮುಂದೆಯೂ ಫ್ಲೆಕ್ಸು ಬರುತ್ತದೆ. ರಸ್ತೆಯ ಎರಡು ತುದಿಯಲ್ಲಿ, ನಡುವೆ ನ್ಯೂ ತಿಪ್ಪಸಂದ್ರದ ಕಡೆ ತಿರುಗುವಲ್ಲಿ ಒಂದು, ಹೀಗೆ ಮೂರು ಹಲಗೆ ಸಾಕು. ಮೂರರಲ್ಲೂ ಒಂದೇ ಕಾಗುಣಿತ ಇರಲಿ. ಏನು ಬರೆಯಬೇಕು ಅಂತ ನಾನೇ ಬರೆದುಕೊಡುತ್ತೇನೆ:

ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ರಸ್ತೆ
ಭಾರತದಲ್ಲೇ ರೂಪಿಸಿ ಕಟ್ಟಿದ ಮೊದಲ ಜೆಟ್ ಫೈಟರ್ ಮಾರುತ್ ವಿಮಾನವನ್ನು 1961ರಲ್ಲಿ ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿಸಿದವರು. 1970ರಲ್ಲಿ ಇಲ್ಲೇ ಪರೀಕ್ಷಾ ಹಾರಾಟದಲ್ಲಿ ಮಡಿದರು.

ಇಷ್ಟೇ. ‘ಸುರಂಜನ್’ ಮತ್ತು ‘ದಾಸ್’ ನಡುವೆ ಜಾಗ ಬಿಡಬೇಕು. ಸ್‌ಗೆ ಕೊಂಬು, ಜ್‌ಗೆ ಗುಡಿಸು ಏನೂ ಸೇರಿಸಬೇಡಿ, ರ ಆದ ಮೇಲೆ ಸೊನ್ನೆ, ಕೊನೆಗೆ ಅರ್ಧ ನ್, ಮೊದಲ ಅಕ್ಷರ ಸು. ಅಯ್ಯೋ, ನೋಡಿ, ನಾನೇ ತಡವರಿಸಿದೆ: ಸು ಅನ್ನುವಲ್ಲಿ ಕೊಂಬು ಇರಲೇಬೇಕು. ಬರೆಯುವವರ ಪಕ್ಕ ನಾನೇ ಬಂದು ನಿಲ್ಲುವುದು ವಾಸಿ. ಹಲಗೆಗಳ ಮುಂದೆ ಏನೂ ಕಟ್ಟದ ಹಾಗೆ ನೋಡಿಕೊಳ್ಳುವುದು ಮಾತ್ರ ನಿಮ್ಮ ಕೈಯಲ್ಲಿದೆ. ನನ್ನ ಮಾತಿಗೆ ಫ್ಲೆಕ್ಸಿನವರು ಹೆದರುವುದಿಲ್ಲ.

ರಸ್ತೆಯಲ್ಲಿ ಓಡಾಡುವವರಲ್ಲೂ ಒಂದು ಮಾತು. ಅಂಗಡಿಯವರೇ, ಮುಂದಿನ ಸಲ ಫಲಕಕ್ಕೆ ಬಣ್ಣ ಹೊಡೆಸುವಾಗ ವಿಳಾಸದಲ್ಲಿ ಹೆಸರು ಸರಿಯಾಗಿ ಬರೆಸಿ. ಮೇಷ್ಟ್ರುಗಳೇ, ಮಕ್ಕಳನ್ನು ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಾಗ ಮಾರುತ್ ಹತ್ತಿರ ಎರಡು ನಿಮಿಷ ನಿಲ್ಲಿಸಿ. ನಾನು ನಿಲ್ಲಿಸುತ್ತಿದ್ದೆ. ಮೂತಿಯಿಂದ ಬಾಲದವರೆಗೆ ಒಂದು ಸುತ್ತು ಬನ್ನಿ ಅನ್ನುತ್ತಿದ್ದೆ. ಇಷ್ಟು ದೊಡ್ಡದನ್ನು ಮೊದಲು ಮರದಲ್ಲಿ ಮಾಡಿದ್ದರು ಅಂದರೆ ಒಬ್ಬ ಹುಡುಗನೂ ನಂಬುತ್ತಿರಲಿಲ್ಲ. ಆಗ ಚೀಲದಿಂದ ಆ ಪ್ಲೈವುಡ್ ಚೂರು ತೆಗೆದು ಕೈಗೆ ಕೊಡುತ್ತಿದ್ದೆ. ಕಣ್ಣು ಮುಚ್ಚಿ ಅಂಚು ಸವರಿ ನೋಡುತ್ತಿದ್ದವು ಮಕ್ಕಳು.

ಹಲಗೆಗೆ ದುಡ್ಡಿನ ತೊಂದರೆ ಇದ್ದರೆ ತಿಳಿಸಿ. ಮೂರು ಹಲಗೆಯ ಖರ್ಚು ನನ್ನ ಪೆನ್ಷನ್ನಿನಲ್ಲಿ ಆಗುತ್ತದೆ, ವಿಚಾರಿಸಿದ್ದೇನೆ. ಕಾಗುಣಿತ ತಿದ್ದುವ ಕೆಲಸಕ್ಕೆ ದುಡ್ಡು ಬೇಡ. ಸೀಲು ಬಿದ್ದ ಹಳೆಯ ಅರ್ಜಿಯ ಪ್ರತಿಯನ್ನು ಇದರ ಜೊತೆ ಮತ್ತೆ ಲಗತ್ತಿಸಿದ್ದೇನೆ. ಅದು ಈಗ ಮೇಲೆ ಇದೆಯೋ ಕೆಳಗೆ ಇದೆಯೋ, ಸಿಕ್ಕರೆ ಎರಡನ್ನೂ ಒಂದೇ ಫೈಲಿಗೆ ಸೇರಿಸಿಕೊಳ್ಳಿ. ಬರುವ ಜನವರಿ 10ರ ಒಳಗೆ ಒಂದು ಹಲಗೆಯಾದರೂ ಬಿದ್ದರೆ ಆವತ್ತು ಬೆಳಗ್ಗೆ ಅಲ್ಲಿಗೆ ಬರುತ್ತೇನೆ. ಬೀಳದಿದ್ದರೆ ನಿಮ್ಮ ಕಚೇರಿಗೆ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ
ನ್ಯೂ ತಿಪ್ಪಸಂದ್ರ, ಬೆಂಗಳೂರು